ಹಾಟ್‌ಸ್ಪಾಟ್ ಕೊಡುವ ಮುಂಚೆ ಲ್ಯಾಪ್‌ಟಾಪಿಗೆ ಒಂದು ಮಾತು ಹೇಳಿ

ಇವತ್ತಿನ ವಿಷಯ ತುಂಬಾ ಸಣ್ಣದು ಅಂತ ಅನ್ನಿಸಬಹುದು. ಫೋನಿನ ಹಾಟ್‌ಸ್ಪಾಟ್. "ಇದರಲ್ಲಿ ಹೇಳೋಕೆ ಏನಿದೆ, ಒತ್ತಿದ್ರೆ ಆನ್ ಆಗುತ್ತೆ" ಅಂತೀರಿ. ನಿಜ, ಒತ್ತಿದ್ರೆ ಆನ್ ಆಗುತ್ತೆ. ಆನ್ ಆದ ಮೇಲೆ ಏನೇನಾಗುತ್ತೆ ಅನ್ನೋದೇ ಇವತ್ತಿನ ಮಾತು.

ಊರು ಬಿಟ್ಟು ಬಂದವರಿಗೆ ಇದರ ಅಗತ್ಯ ಒಂದು ಕೈ ಜಾಸ್ತಿನೇ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮೇಲೆ ಬಾಡಿಗೆ ಮನೆ, ಬ್ರಾಡ್‌ಬ್ಯಾಂಡ್ ಹಾಕಿಸಿದ್ರೆ ಮನೆ ಬದಲಾಯಿಸುವಾಗ ಮತ್ತೆ ಅದೇ ಓಡಾಟ. ಪಿಜಿಯ ವೈಫೈ ಅಂತೂ ಕೇಳಲೇಬೇಡಿ, ಕರೆಂಟ್ ಹೋದ್ರೆ ಅದೂ ಹೋಯ್ತು. ಆಗ ಉಳಿಯೋದು ಜೇಬಿನಲ್ಲಿರೋ ಫೋನು. ಸುಮಾರು ಹದಿನೈದು ವರ್ಷದ ಹಿಂದೆ ಲ್ಯಾಪ್‌ಟಾಪಿಗೆ ಚುಚ್ಚೋ ಡಾಂಗಲ್ ಇಟ್ಕೊಂಡು ಓಡಾಡ್ತಿದ್ದದ್ದು ಕೆಲವರಿಗೆ ನೆನಪಿರಬಹುದು. 2010ರಲ್ಲಿ ಆಂಡ್ರಾಯ್ಡ್ 2.2 ಬಂದಾಗ ವೈಫೈ ಹಾಟ್‌ಸ್ಪಾಟ್ ಫೋನಿನೊಳಗೇ ಬಂತು, ಮುಂದಿನ ವರ್ಷ ಐಫೋನಿಗೂ ಬಂತು. ಆಮೇಲೆ 2016ರಲ್ಲಿ ಜಿಯೋ ಶುರುವಾಗಿ ಡೇಟಾ ಅಗ್ಗ ಆದ ಮೇಲೆ, "ಸ್ವಲ್ಪ ಹಾಟ್‌ಸ್ಪಾಟ್ ಆನ್ ಮಾಡ್ತೀಯಾ" ಅನ್ನೋದು "ಸ್ವಲ್ಪ ನೀರು ಕೊಡ್ತೀಯಾ" ಅನ್ನುವಷ್ಟು ಸಾಮಾನ್ಯ ಆಗಿಬಿಟ್ಟಿದೆ.

ಮೊದಲು ಫೋನಿನೊಳಗೆ ಏನಾಗುತ್ತೆ ನೋಡೋಣ. ಒಂದು ಹಾಸ್ಟೆಲ್ ಇದೆ ಅಂದ್ಕೊಳ್ಳಿ. ಹೊರಗಿನ ಅಂಗಡಿಗೆ ಗೊತ್ತಿರೋದು ಹಾಸ್ಟೆಲಿನ ಒಂದೇ ವಿಳಾಸ, ವಾರ್ಡನ್ ಹೆಸರು. ಒಳಗಿನ ಹುಡುಗರು ಏನು ತರಿಸಿದ್ರೂ ಚೀಟಿ ಹೋಗೋದು ವಾರ್ಡನ್ ಹೆಸರಲ್ಲೇ. ಸಾಮಾನು ಬಂದ ಮೇಲೆ ಯಾವುದು ಯಾವ ರೂಮಿಗೆ ಅಂತ ಪುಸ್ತಕ ನೋಡಿ ಹಂಚೋದು ವಾರ್ಡನ್ ಕೆಲಸ. ಹಾಟ್‌ಸ್ಪಾಟ್ ಆನ್ ಮಾಡಿದ ಕ್ಷಣ ನಿಮ್ಮ ಫೋನು ಆ ವಾರ್ಡನ್. ಜೋಡಿಸಿದ ಪ್ರತಿ ಸಾಧನಕ್ಕೂ ಒಂದು ರೂಮ್ ನಂಬರ್ ಕೊಡುತ್ತೆ. ಐಫೋನ್ ಆದ್ರೆ 172.20.10 ಅಂತ ಶುರುವಾಗುವ ಐಪಿ ವಿಳಾಸ, ಹಳೆಯ ಆಂಡ್ರಾಯ್ಡ್ ಆದ್ರೆ 192.168.43 ಅಂತ ಶುರುವಾಗೋದು. ಹೊರಗೆ ಕಳಿಸುವಾಗ ಅದನ್ನ ಅಳಿಸಿ ತನ್ನ ವಿಳಾಸ ಬರೆಯುತ್ತೆ, ಉತ್ತರ ಬಂದಾಗ ಪುಸ್ತಕ ನೋಡಿ ಒಳಗೆ ಕಳಿಸುತ್ತೆ. ಇದಕ್ಕೆ ನ್ಯಾಟ್ ಅಂತಾರೆ. ಐಪಿವಿ6ನಲ್ಲಿ ಕಥೆ ಸ್ವಲ್ಪ ಬೇರೆ, ಅದನ್ನ ಇನ್ನೊಂದು ದಿನ ನೋಡೋಣ.

ಈ ವ್ಯವಸ್ಥೆಯಿಂದ ಎರಡು ಸಂಗತಿ ಹುಟ್ಟುತ್ತವೆ. ಒಳಗಿನ ಹುಡುಗನಿಗೆ ವಾರ್ಡನ್ ಜೇಬಿನಲ್ಲಿ ಎಷ್ಟು ದುಡ್ಡಿದೆ ಗೊತ್ತಿರಲ್ಲ. ಹೊರಗಿನ ಅಂಗಡಿಯವನಿಗೆ ಒಳಗಿನ ಹುಡುಗ ಯಾರು ಅಂತ ಗೊತ್ತಿರಲ್ಲ. ನಮ್ಮ ತಾಪತ್ರಯ ಹುಟ್ಟೋದೆಲ್ಲ ಇವೆರಡರಿಂದಲೇ.

ಮೊದಲನೆಯದು ಜೇಬಿನ ದುಡ್ಡು, ಅಂದ್ರೆ ಡೇಟಾ. ಲ್ಯಾಪ್‌ಟಾಪಿಗೆ ಕಾಣೋದು ಬರೀ ಒಂದು ವೈಫೈ. ಮನೆಯಲ್ಲಿ ಫೈಬರ್ ಇದ್ದಾಗ ಹೇಗೆ ನಡ್ಕೊಳ್ಳುತ್ತೋ ಇಲ್ಲೂ ಹಾಗೇ. "ಆಹಾ ವೈಫೈ ಸಿಕ್ತು" ಅಂತ ವಿಂಡೋಸ್ ಅಪ್‌ಡೇಟ್ ಇಳಿಸೋಕೆ ಶುರು ಮಾಡುತ್ತೆ, ಕ್ಲೌಡ್ ಫೋಲ್ಡರ್ ಬಾಕಿ ಇದ್ದ ಫೋಟೋಗಳನ್ನೆಲ್ಲ ಮೇಲಕ್ಕೆ ಏರಿಸುತ್ತೆ. ಯಾರನ್ನೂ ಕೇಳಲ್ಲ.

ಹೋದ ವರ್ಷ ಇಲ್ಲೇ ಪುಣೆಯ ವಾಕಡ್‌ನಲ್ಲಿ ನಡೆದದ್ದು ಹೇಳ್ತೀನಿ. ಬಾಗಲಕೋಟೆ ಕಡೆಯ ಹುಡುಗಿ, ಇಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕ್ತಾ ಲೇಡೀಸ್ ಪಿಜಿಯಲ್ಲಿದ್ದಳು. ಮೂರು ಗಂಟೆಗೆ ವಿಡಿಯೋ ಇಂಟರ್‌ವ್ಯೂ. ಕರೆಂಟ್ ಹೋಗಿ ಪಿಜಿ ವೈಫೈ ಇಲ್ಲ. ಜಾಣೆ, ಕೊನೇ ಗಳಿಗೆವರೆಗೂ ಕಾಯದೆ ಒಂದೂವರೆಗೇ ಹಾಟ್‌ಸ್ಪಾಟ್ ಹಾಕಿ ಎಲ್ಲ ಸರಿ ಇದೆಯಾ ಅಂತ ನೋಡಿ ಇಟ್ಟಳು. ದಿನಕ್ಕೆ 2 ಜಿಬಿ ಪ್ಯಾಕು, 4ಜಿ ಫೋನು. ಮೂರು ಇಪ್ಪತ್ತೈದಕ್ಕೆ ಎದುರಿನವರ ಮುಖ ಪರದೆ ಮೇಲೆ ಕಲ್ಲಿನಂತೆ ನಿಂತುಬಿಡ್ತು. ನನಗೆ ಫೋನ್: "ಅಕ್ಕಾ, ಎರಡು ಜಿಬಿ ಇತ್ತ್ರೀ, ಎಲ್ಲಿ ಹೋತ್ರೀ?"

ಎಲ್ಲಿ ಹೋಯ್ತು ಅಂತ ಸಂಜೆ ಕೂತು ಲೆಕ್ಕ ಹಾಕಿದ್ವಿ. ಈ ಲೆಕ್ಕ ನಿಮಗೂ ಉಪಯೋಗಕ್ಕೆ ಬರುತ್ತೆ, ಒಂದೇ ಸಂಖ್ಯೆ ನೆನಪಿಟ್ಕೊಳ್ಳಿ: ಸೆಕೆಂಡಿಗೆ 1 ಮೆಗಾಬಿಟ್ ಅಂತ ಒಂದು ಗಂಟೆ ಹರಿದ್ರೆ 450 ಎಂಬಿ. ಇಬ್ಬರ ನಡುವೆ ಎಚ್‌ಡಿ ವಿಡಿಯೋ ಕರೆ ಅಂದ್ರೆ ಸುಮಾರು 1.2 ಮೆಗಾಬಿಟ್ ಹೋಗುತ್ತೆ, ಅಷ್ಟೇ ಬರುತ್ತೆ. ಹೋಗೋದು ಬರೋದು ಎರಡನ್ನೂ ನಿಮ್ಮ ಪ್ಯಾಕ್‌ನಿಂದಲೇ ಕಳೀತಾರೆ, ಇದನ್ನ ತುಂಬಾ ಜನ ಮರೀತಾರೆ. ಒಟ್ಟು 2.4, ಅಂದ್ರೆ ಗಂಟೆಗೆ 1 ಜಿಬಿಗಿಂತ ಸ್ವಲ್ಪ ಹೆಚ್ಚು. 25 ನಿಮಿಷಕ್ಕೆ 450 ಎಂಬಿ. ಅಷ್ಟಕ್ಕೆ ಅವಳ ಪ್ಯಾಕ್ ಖಾಲಿ ಆಗಬಾರದು. ಉಳಿದದ್ದು ಲ್ಯಾಪ್‌ಟಾಪಿನ ಡೇಟಾ ಯೂಸೇಜ್ ಪುಟದಲ್ಲಿ ಸಿಕ್ತು. ಅಪ್‌ಡೇಟ್ ಒಂದು ಕಡೆ, ಊರಿನ ಮದುವೆ ವಿಡಿಯೋಗಳ ಕ್ಲೌಡ್ ಬ್ಯಾಕಪ್ ಇನ್ನೊಂದು ಕಡೆ. ಜೊತೆಗೆ ರೂಮ್‌ಮೇಟ್ ಫೋನು. ಯಾವತ್ತೋ ಒಮ್ಮೆ ಪಾಸ್‌ವರ್ಡ್ ಕೊಟ್ಟಿದ್ಲಂತೆ, ಅದು ಫೋನಿನಲ್ಲಿ ಸೇವ್ ಆಗಿತ್ತು. ಹಾಟ್‌ಸ್ಪಾಟ್ ಆನ್ ಆದದ್ದೇ ತಡ ತಾನಾಗೇ ಜೋಡಿಸ್ಕೊಂಡಿದೆ. ಪಾಪ, ಆ ರೂಮ್‌ಮೇಟ್‌ಗೂ ಗೊತ್ತಿಲ್ಲ, ಹಾಸಿಗೆ ಮೇಲೆ ಮಲ್ಕೊಂಡು ರೀಲ್ಸ್ ನೋಡ್ತಿದ್ದಳು.

ದಿನದ ಮಿತಿ ಮುಗಿದ ಮೇಲೆ ನಮ್ಮ ಪ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತೆ. ಜಾಹೀರಾತಿನಲ್ಲಿ ಇದನ್ನೂ ಅನ್‌ಲಿಮಿಟೆಡ್ ಅಂತಲೇ ಕರೀತಾರೆ. 64 ಕೆಬಿಪಿಎಸ್ ಅಂದ್ರೆ ಸೆಕೆಂಡಿಗೆ 8 ಕೆಬಿ. 2 ಎಂಬಿಯ ಒಂದು ವೆಬ್ ಪುಟ ತೆರೆಯೋಕೆ ನಾಲ್ಕು ನಿಮಿಷದ ಮೇಲೆ. ವಾಟ್ಸಾಪಿನಲ್ಲಿ ಅಕ್ಷರ ಹೋಗುತ್ತೆ ಅಷ್ಟೇ, ಮುಖ ಹೋಗಲ್ಲ. ಅವಳು ಆಮೇಲೆ ಇಂಟರ್‌ವ್ಯೂ ಮಾಡ್ತಿದ್ದವರಿಗೆ ಮೆಸೇಜ್ ಹಾಕಿ ನಂಬರ್ ಕೊಟ್ಟಳು, ಉಳಿದದ್ದು ಮಾಮೂಲಿ ಫೋನ್ ಕರೆಯಲ್ಲಿ ನಡೀತು. ಆ ಕೆಲಸ ಸಿಗಲಿಲ್ಲ. ನೆಟ್ ಹೋದದ್ದಕ್ಕೇ ಸಿಗಲಿಲ್ಲ ಅಂತ ನಾನು ಹೇಳಲ್ಲ. ಆದ್ರೆ ಕೋಡ್ ಬರೆದು ತೋರಿಸಬೇಕಾದ ಅರ್ಧ ಗಂಟೆ ಅವಳಿಗೆ ಸಿಗಲೇ ಇಲ್ಲ, ಅದು ಅವಳಿಗೆ ಇವತ್ತಿಗೂ ಹೊಟ್ಟೆಯುರಿ.

ಹಾಗಾಗಿ ಲ್ಯಾಪ್‌ಟಾಪಿಗೆ ಹೇಳಬೇಕು, "ಇದು ಫೋನಪ್ಪಾ, ನೋಡ್ಕೊಂಡು ಖರ್ಚು ಮಾಡು" ಅಂತ. ವಿಂಡೋಸ್‌ನಲ್ಲಿ ಹಾಟ್‌ಸ್ಪಾಟಿಗೆ ಜೋಡಿಸಿದ ಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಅದರೊಳಗೆ ವೈಫೈ, ಅದರ ಪ್ರಾಪರ್ಟೀಸ್. ಅಲ್ಲಿ ಮೀಟರ್ಡ್ ಕನೆಕ್ಷನ್ ಅಂತ ಒಂದು ಸ್ವಿಚ್ಚಿದೆ, ಆನ್ ಮಾಡಿ. ಬಹುಪಾಲು ಅಪ್‌ಡೇಟ್‌ಗಳು ತಾವಾಗಿ ಇಳಿಯೋದು ನಿಲ್ಲುತ್ತೆ, ಒನ್‌ಡ್ರೈವ್ ಕೂಡ ಸಿಂಕ್ ನಿಲ್ಲಿಸಿ ನಿಮ್ಮನ್ನ ಕೇಳುತ್ತೆ. ಮ್ಯಾಕ್‌ನಲ್ಲಿ 2022ರ ವೆಂಚುರಾದಿಂದ ಈಚೆಗೆ ಲೋ ಡೇಟಾ ಮೋಡ್ ಇದೆ, ಐಫೋನ್‌ನಲ್ಲಿ 2019ರಿಂದಲೇ ಇದೆ. ಒಂದು ಆಂಡ್ರಾಯ್ಡ್ ಫೋನಿನಿಂದ ಇನ್ನೊಂದು ಆಂಡ್ರಾಯ್ಡ್‌ಗೆ ಕೊಟ್ಟಾಗ ಮಾತ್ರ ಅವು ತಮ್ಮತಮ್ಮಲ್ಲೇ ಮಾತಾಡ್ಕೊಳ್ತವೆ. ಐಪಿ ವಿಳಾಸ ಕೊಡುವಾಗಲೇ "ಇದು ಮೀಟರ್ಡ್" ಅಂತ ಒಂದು ಗುರುತು ಹೋಗುತ್ತೆ. ಒಳ್ಳೆ ಏರ್ಪಾಡು, ಎಲ್ಲ ಸಾಧನಕ್ಕೂ ಇದ್ದಿದ್ರೆ ನಾನು ಇವತ್ತು ಬೇರೆ ಏನಾದ್ರೂ ಮಾತಾಡ್ತಿದ್ದೆ.

ಇಲ್ಲೊಂದು ಕೊಕ್ಕೆ ಇದೆ. ವಿಂಡೋಸ್‌ನ ಈ ಸ್ವಿಚ್ಚು ಅಂಟಿಕೊಂಡಿರೋದು ಹಾಟ್‌ಸ್ಪಾಟಿನ ಹೆಸರಿಗೆ. ಹೊಸ ಫೋನ್ ತಗೊಂಡ್ರಿ, ಹಾಟ್‌ಸ್ಪಾಟ್ ಹೆಸರು ಬದಲಾಯ್ತು, ಸ್ವಿಚ್ಚು ಮತ್ತೆ ಆಫ್. ಸ್ನೇಹಿತನ ಫೋನಿಗೆ ಜೋಡಿಸಿದ್ರೂ ಅಷ್ಟೇ. ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿದ್ರೆ ಲ್ಯಾಪ್‌ಟಾಪ್ ಅದನ್ನ ಈಥರ್ನೆಟ್ ಅಂತ ತಿಳ್ಕೊಳ್ಳುತ್ತೆ, ಅಲ್ಲಿ ಬೇರೆಯಾಗಿ ಆನ್ ಮಾಡಬೇಕು.

5ಜಿ ಇದೆ, ನಮಗೆ ಈ ಲೆಕ್ಕ ಬೇಡ ಅನ್ನೋರು ಸ್ವಲ್ಪ ನಿಲ್ಲಿ. ನಮ್ಮ ದೇಶದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್ 1ಕ್ಕೆ, ಕೆಲವು ಪ್ಯಾಕ್‌ಗಳಲ್ಲಿ ಅನ್‌ಲಿಮಿಟೆಡ್ 5ಜಿ ಅಂತ ಕೊಡ್ತಾರೆ. ಆ ಮಾತು ಲಾಗೂ ಆಗೋದು ಫೋನು 5ಜಿಯಲ್ಲಿ ಇರುವಷ್ಟು ಹೊತ್ತು ಮಾತ್ರ. ಒಳಗಿನ ರೂಮಿಗೆ ಹೋದ್ರಿ, ಎರಡು ಗೋಡೆ ಅಡ್ಡ ಬಂತು, ಸಿಗ್ನಲ್ ಸದ್ದಿಲ್ಲದೆ 4ಜಿಗೆ ಇಳೀತು. ಅಲ್ಲಿಂದ ದಿನದ ಮಿತಿಯ ಲೆಕ್ಕ ಓಡೋಕೆ ಶುರು. ಲ್ಯಾಪ್‌ಟಾಪಿನಲ್ಲಿ ಯಾವ ವ್ಯತ್ಯಾಸವೂ ಕಾಣಲ್ಲ. ಆದ್ದರಿಂದ ಫೋನನ್ನ ಕಿಟಕಿ ಹತ್ರ ಇಡಿ, ನೀವು ಬೇಕಾದ್ರೆ ಒಳಗೆ ಕೂತ್ಕೊಳ್ಳಿ. ಬಿಸಿಲು ಬೀಳೋ ಕಿಟಕಿ ಮಾತ್ರ ಬೇಡ. ಹಾಟ್‌ಸ್ಪಾಟ್ ಜೊತೆ ಚಾರ್ಜಿಂಗ್ ಜೊತೆ ಬಿಸಿಲು, ಮೂರೂ ಸೇರಿದ್ರೆ ಫೋನು ಕಾದ ಹೆಂಚಿನ ಹಾಗಾಗುತ್ತೆ, ತಾನಾಗೇ ಕೈ ಎತ್ತಿಬಿಡುತ್ತೆ.

ಯಾವ ದಾರಿಯಲ್ಲಿ ಕೊಡಬೇಕು ಅನ್ನೋದಕ್ಕೆ ನನ್ನ ಅಭಿಪ್ರಾಯ ಸ್ಪಷ್ಟ. ಒಂದೇ ಲ್ಯಾಪ್‌ಟಾಪ್, ಮುಖ್ಯವಾದ ಕೆಲಸ, ಅಂದ್ರೆ ಕೇಬಲ್. ಗಾಳಿಯಲ್ಲಿ ಹೋಗೋ ಗೊಂದಲ ಇಲ್ಲ, ಫೋನೂ ಚಾರ್ಜ್ ಆಗ್ತಾ ಇರುತ್ತೆ, ಬೇರೆ ಯಾರೂ ಒಳಗೆ ಬರಲ್ಲ. ಆದ್ರೆ ಕೇಬಲ್ ನೋಡಿ ತಗೊಳ್ಳಿ. ಫುಟ್‌ಪಾತಿನ ಎಷ್ಟೋ ಕೇಬಲ್‌ಗಳಲ್ಲಿ ಕರೆಂಟಿನ ತಂತಿ ಮಾತ್ರ ಇರುತ್ತೆ, ಡೇಟಾದ ತಂತಿನೇ ಇರಲ್ಲ. ಆಂಡ್ರಾಯ್ಡ್ ಫೋನು, ಮ್ಯಾಕ್ ಲ್ಯಾಪ್‌ಟಾಪ್ ಅಂತಾದ್ರೆ ಕೇಬಲ್ ಎಲ್ಲ ಫೋನಿನಲ್ಲೂ ನಡೆಯಲ್ಲ, ಮುಂಚೆನೇ ಪರೀಕ್ಷೆ ಮಾಡಿ ಇಟ್ಕೊಳ್ಳಿ. ವೈಫೈನಲ್ಲೇ ಕೊಡೋದಾದ್ರೆ, ಒಂದೇ ರೂಮಿನಲ್ಲಿದ್ರೆ 5 ಗಿಗಾಹರ್ಟ್ಸ್ ಆರಿಸಿ. ಇದಕ್ಕೂ 5ಜಿಗೂ ಸಂಬಂಧ ಇಲ್ಲ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಇರೋದು ಮೂರೇ, ಒಂದು ಸೊಸೈಟಿಯ ಇಪ್ಪತ್ತು ಮೂವತ್ತು ರೂಟರ್‌ಗಳೆಲ್ಲ ಅಲ್ಲೇ ಕಚ್ಚಾಡ್ತಾ ಇರ್ತವೆ. ಐಫೋನಿನಲ್ಲಿ ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ ಅನ್ನೋ ಸ್ವಿಚ್ಚು ಆನ್ ಇದ್ರೆ ಅದು 2.4ಕ್ಕೆ ಹೋಗುತ್ತೆ, ಬೇಕಿಲ್ಲದಿದ್ರೆ ಆಫ್ ಇಡಿ. ಬ್ಲೂಟೂತಿನಲ್ಲೂ ಕೊಡಬಹುದು, ಬ್ಯಾಟರಿ ಉಳಿಯುತ್ತೆ, ಆದ್ರೆ ಇ-ಮೇಲಿಗೆ ಸಾಕಾಗುವಷ್ಟು ವೇಗ ಅಷ್ಟೇ.

ಈಗ ಎರಡನೇ ಸಂಗತಿಗೆ ಬರ್ತೀನಿ. ಹೊರಗಿನವನಿಗೆ ಕಾಣೋದು ವಾರ್ಡನ್ ಹೆಸರು ಮಾತ್ರ.

ಮುಂಬೈಯವರಿಗೆ ನೆನಪಿರಬಹುದು. 2008ರ ಜುಲೈ 26ಕ್ಕೆ ಅಹಮದಾಬಾದಿನಲ್ಲಿ ಸರಣಿ ಸ್ಫೋಟ ಆಯ್ತು. ಅದಕ್ಕೆ ಕೆಲವೇ ನಿಮಿಷ ಮುಂಚೆ ಸುದ್ದಿ ಸಂಸ್ಥೆಗಳಿಗೆ ಒಂದು ಇ-ಮೇಲ್ ಹೋಗಿತ್ತು. ಪೊಲೀಸರು ಐಪಿ ವಿಳಾಸ ಹಿಡ್ಕೊಂಡು ಬಂದಾಗ ತಲುಪಿದ್ದು ನವಿ ಮುಂಬೈಯ ಸಾನ್‌ಪಾಡಾದಲ್ಲಿದ್ದ ಒಬ್ಬ ಅಮೆರಿಕನ್ ಪ್ರಜೆಯ ಮನೆಗೆ. ಬೇರೆಯವರು ಅವರ ವೈಫೈ ಬಳಸಿ ಆ ಮೇಲ್ ಕಳಿಸಿದ್ರು ಅಂತ ಆಮೇಲೆ ಗೊತ್ತಾಯ್ತು. ಅಷ್ಟರಲ್ಲಿ ಆ ಮನುಷ್ಯ ವಿಚಾರಣೆ ಎದುರಿಸಿ, ಹೆಸರು ಪೇಪರಿನಲ್ಲೆಲ್ಲ ಬಂದು ಆಗಿತ್ತು. ಅದು ಮನೆಯ ರೂಟರ್. ನಿಮ್ಮ ಸಿಮ್ ಕೆವೈಸಿ ಮಾಡಿ ನಿಮ್ಮದೇ ಹೆಸರಲ್ಲಿ ತಗೊಂಡದ್ದು, ನಂಟು ಇನ್ನೂ ಹತ್ತಿರದ್ದು. ನಿಮ್ಮ ಹಾಟ್‌ಸ್ಪಾಟಿನಲ್ಲಿ ಯಾರೋ ಯಾರಿಗೋ ಬೆದರಿಕೆ ಹಾಕಿದ್ರೆ, ಮೋಸದ ಸೈಟ್ ನಡೆಸಿದ್ರೆ, ಹೆಜ್ಜೆ ಗುರುತು ಮೊದಲು ಬಂದು ನಿಲ್ಲೋದು ನಿಮ್ಮ ನಂಬರ್ ಹತ್ರ.

ಹೆದರಿಸೋಕೆ ಹೇಳ್ತಾ ಇಲ್ಲ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಕಲಬುರಗಿಗೋ ರಾಯಚೂರಿಗೋ ಹೋಗ್ತಾ ಇರ್ತೀರಿ, ಎದುರು ಸೀಟಿನ ಅಜ್ಜ "ತಂಗೀ, ಸ್ವಲ್ಪ ನೆಟ್ ಕೊಡ್ತೀಯೇನವಾ, ಪಿಎನ್ಆರ್ ನೋಡ್ಬೇಕು" ಅಂತಾರೆ. ಇಲ್ಲ ಅನ್ನೋಕೆ ಮನಸ್ಸು ಬರುತ್ತಾ? ಅಂಥ ಕೆಲಸ ನನ್ನ ಫೋನಿನಲ್ಲೇ ಮಾಡಿಕೊಡ್ತೀನಿ. ಅವರದೇ ಫೋನಿನಲ್ಲಿ ಆಗಬೇಕಾದ ಕೆಲಸ ಆದ್ರೆ ಹಾಟ್‌ಸ್ಪಾಟ್ ಕೊಡ್ತೀನಿ, ಅವರು ಇಳಿದ ಮೇಲೆ ಪಾಸ್‌ವರ್ಡ್ ಬದಲಾಯಿಸ್ತೀನಿ. ಅರ್ಧ ನಿಮಿಷದ ಕೆಲಸ. ಕ್ಯೂಆರ್ ಕೋಡ್ ತೋರಿಸಿದ್ರೆ ಪಾಸ್‌ವರ್ಡ್ ಕೊಟ್ಟ ಹಾಗಲ್ಲ ಅಂತ ಕೆಲವರು ತಿಳ್ಕೊಂಡಿದಾರೆ. ಆ ಚೌಕದೊಳಗೆ ಇರೋದು ನಿಮ್ಮ ಪಾಸ್‌ವರ್ಡೇ, ಬಿಡಿ ಅಕ್ಷರಗಳಲ್ಲಿ. ಅದರ ಸ್ಕ್ರೀನ್‌ಶಾಟ್ ಪಿಜಿಯ ವಾಟ್ಸಾಪ್ ಗ್ರೂಪಿನಲ್ಲಿ ಹಾಕೋರನ್ನ ನೋಡಿದೀನಿ, ಏನು ಹೇಳೋದು.

ಹಾಟ್‌ಸ್ಪಾಟಿನ ಹೆಸರೂ ನೋಡಿ. ಐಫೋನಿನಲ್ಲಿ ಫೋನಿಗೆ ಏನು ಹೆಸರಿಟ್ಟಿದೀರೋ ಅದೇ ಹಾಟ್‌ಸ್ಪಾಟಿನ ಹೆಸರು. ಹೆಣ್ಣುಮಕ್ಕಳ ಪೂರ್ತಿ ಹೆಸರು ಇಡೀ ಬೋಗಿಯ ಫೋನುಗಳಲ್ಲಿ ಕಾಣ್ತಾ ಇರುತ್ತೆ. ಏನಾದ್ರೂ ಅಡ್ಡಹೆಸರು ಇಡಿ. ಭದ್ರತೆಯ ಆಯ್ಕೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ, ಪಾಸ್‌ವರ್ಡ್ ಇಲ್ಲದ ಓಪನ್ ಆಯ್ಕೆ ಯಾವ ಕಾರಣಕ್ಕೂ ಬೇಡ. ಯಾರೂ ಜೋಡಿಸದೇ ಇದ್ರೆ ತಾನಾಗೇ ಆಫ್ ಆಗೋ ಸೆಟ್ಟಿಂಗ್ ಹಲವು ಆಂಡ್ರಾಯ್ಡ್‌ಗಳಲ್ಲಿದೆ, ಆನ್ ಮಾಡಿಬಿಡಿ. ಇನ್ನೊಂದು, ಫೋನಿನಲ್ಲಿ ವಿಪಿಎನ್ ಹಾಕ್ಕೊಂಡಿದ್ರೆ ಲ್ಯಾಪ್‌ಟಾಪೂ ಅದರೊಳಗೆ ಹೋಗುತ್ತೆ ಅಂತ ನಂಬಬೇಡಿ. ಸಾಮಾನ್ಯವಾಗಿ ಹೋಗಲ್ಲ. ಆಫೀಸ್ ಕೆಲಸಕ್ಕೆ ಲ್ಯಾಪ್‌ಟಾಪಿನಲ್ಲೇ ಬೇರೆ ವಿಪಿಎನ್ ಬೇಕು.

ಇಡೀ ಮನೆಗೆ ಒಂದೇ ಫೋನಿನ ಹಾಟ್‌ಸ್ಪಾಟ್ ಅನ್ನೋ ಕುಟುಂಬಗಳ ಬಗ್ಗೆಯೂ ಹೇಳ್ಬೇಕು. 2020ರ ಲಾಕ್‌ಡೌನಿನಲ್ಲಿ ಇದು ಎಲ್ಲರ ಕಣ್ಣಿಗೆ ಬಿತ್ತು, ಈಗಲೂ ಹೋಗಿಲ್ಲ. ನಮ್ಮ ಸೊಸೈಟಿಯಲ್ಲೇ ಇದಾರೆ. ಅಪ್ಪ ಬೆಳಿಗ್ಗೆ ಏಳಕ್ಕೆ ಡ್ಯೂಟಿಗೆ ಹೊರಟ್ರೆ ಮನೆಯ ಇಂಟರ್ನೆಟ್ಟೂ ಅವರ ಜೇಬಿನಲ್ಲಿ ಕೂತು ಹೊರಡುತ್ತೆ. ರಾತ್ರಿ ಅವರು ಬರುವಷ್ಟರಲ್ಲಿ ದಿನದ ಡೇಟಾದಲ್ಲಿ ಉಳಿದಷ್ಟೇ ಮಗಳಿಗೆ. ಅವಳು ಹನ್ನೆರಡು ಗಂಟೆವರೆಗೆ ಎದ್ದಿರ್ತಾಳೆ, ಯಾಕಂದ್ರೆ ಹನ್ನೆರಡಕ್ಕೆ ಹೊಸ ದಿನದ ಕೋಟಾ ಶುರು. ಪಾಠದ ವಿಡಿಯೋ ಆಗ ಇಳಿಸ್ಕೊಂಡು ಮಲಗ್ತಾಳೆ. ಇದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಉತ್ತರ ಇಲ್ಲ. ಹಳೇ ಫೋನಿಗೆ ಇನ್ನೊಂದು ಸಿಮ್ ಹಾಕಿ ಮನೆಯಲ್ಲೇ ಇಡೋದು ಒಂದು ದಾರಿ, ಆದ್ರೆ ಇಪ್ಪತ್ತನಾಲ್ಕು ಗಂಟೆ ಚಾರ್ಜಿಗೆ ಹಾಕಿಟ್ಟ ಹಳೇ ಫೋನಿನ ಬ್ಯಾಟರಿ ಊದಿಕೊಳ್ಳುತ್ತೆ. ಬಳಸುವಾಗ ಮಾತ್ರ ಹಾಕಿ, ಹಾಸಿಗೆ ಬಟ್ಟೆ ಮೇಲೆ ಇಡಬೇಡಿ. ಪಕ್ಕದ ಮನೆಯಲ್ಲಿ ಇಂಥ ಮಗು ಇದ್ದು ನಿಮ್ಮಲ್ಲಿ ಫೈಬರ್ ಇದ್ರೆ, ನಿಮ್ಮ ರೂಟರಿನಲ್ಲಿ ಗೆಸ್ಟ್ ನೆಟ್‌ವರ್ಕ್ ಇದೆಯಾ ನೋಡಿ, ಪಾಸ್‌ವರ್ಡ್ ಹಾಕಿ ಅದನ್ನ ಕೊಡಿ. ನಾವು ಕೊಟ್ಟಿದೀವಿ. ಗುರುತಿರುವ ಮಗು, ಗುರುತಿರುವ ಫೋನು.

ಲೈವ್‌ನಲ್ಲಿ ಬಂದ ಎರಡು ಪ್ರಶ್ನೆ ತಗೋತೀನಿ.

"ಹಾಟ್‌ಸ್ಪಾಟ್ ಕೊಡ್ತಾ ಇದೀವಿ ಅಂತ ಮೊಬೈಲ್ ಕಂಪನಿಗೆ ಗೊತ್ತಾಗುತ್ತಾ?" ಗೊತ್ತಾಗಬಹುದು. ಪ್ರತಿ ಪ್ಯಾಕೆಟ್ ಮೇಲೆ ಟಿಟಿಎಲ್ ಅಂತ ಒಂದು ಎಣಿಕೆ ಇರುತ್ತೆ, ಪ್ರತಿ ರೂಟರ್ ದಾಟಿದಾಗ ಒಂದು ಕಮ್ಮಿ ಆಗುತ್ತೆ. ಫೋನಿನಿಂದಲೇ ಹೊರಟ ಪ್ಯಾಕೆಟ್ 64 ಅಂತ ಹೊರಡುತ್ತೆ. ವಿಂಡೋಸ್ ಲ್ಯಾಪ್‌ಟಾಪಿನದು 128ರಿಂದ ಶುರುವಾಗಿ ಫೋನ್ ದಾಟಿ 127 ಆಗುತ್ತೆ. ನೋಡೋರಿಗೆ ಅಷ್ಟು ಸಾಕು. ಅಮೆರಿಕದಲ್ಲಿ ಕೆಲವು ಕಂಪನಿಗಳು ಇದಕ್ಕೆ ಬೇರೆ ಶುಲ್ಕ ಹಾಕ್ತಿದ್ವು. ಹಾಟ್‌ಸ್ಪಾಟ್ ಆ್ಯಪ್‌ಗಳು ಗ್ರಾಹಕರಿಗೆ ಸಿಗದ ಹಾಗೆ ಮಾಡಿದ ವಿಷಯದಲ್ಲಿ ಅಲ್ಲಿನ ಸಂವಹನ ಆಯೋಗದ ತನಿಖೆ ಮುಗಿಸೋಕೆ ವೆರೈಝನ್ 2012ರಲ್ಲಿ 12.5 ಲಕ್ಷ ಡಾಲರ್ ಕೊಟ್ಟಿತು. ನಮ್ಮಲ್ಲಿ ಸಾಮಾನ್ಯ ಪ್ಯಾಕ್‌ಗಳಲ್ಲಿ ಫೋನಿನ ಡೇಟಾ, ಹಾಟ್‌ಸ್ಪಾಟಿನ ಡೇಟಾ ಅಂತ ಬೇರೆ ಲೆಕ್ಕ ಇಡೋ ರೂಢಿ ಇಲ್ಲ. ನಿಮ್ಮ ಪ್ಯಾಕಿನ ಷರತ್ತು ಮಾತ್ರ ಒಮ್ಮೆ ಓದಿಬಿಡಿ.

ಎರಡನೇದು ಚೆನ್ನೈಯಿಂದ. "ಎರಡು ಸಿಮ್ ಇದೆ. ಮೀಟಿಂಗ್ ಮಧ್ಯೆ ಊರಿನ ನಂಬರಿಗೆ ಕರೆ ಬಂದು, ಎತ್ತಿದ ಕೂಡ್ಲೇ ಹಾಟ್‌ಸ್ಪಾಟ್ ಸತ್ತುಹೋಗುತ್ತೆ." ಇದು ನಮ್ಮಂಥವರದ್ದೇ ರೋಗ, ಬ್ಯಾಂಕಿಗೂ ಅಮ್ಮನಿಗೂ ಹಳೇ ಕರ್ನಾಟಕದ ನಂಬರು, ಡೇಟಾಕ್ಕೆ ಇಲ್ಲಿನ ನಂಬರು. ಬಹಳಷ್ಟು ಫೋನುಗಳಲ್ಲಿ ಎರಡು ಸಿಮ್ ಕಾಯ್ತಾ ಇರಬಹುದು, ಆದ್ರೆ ಒಂದು ಮಾತಾಡುವಾಗ ಇನ್ನೊಂದರ ಡೇಟಾ ನಿಂತುಬಿಡುತ್ತೆ. ಕರೆಯ ಹೊತ್ತಿನಲ್ಲಿ ಮಾತಾಡ್ತಿರೋ ಸಿಮ್ಮಿನ ಡೇಟಾಕ್ಕೇ ಹೊರಳಿಕೊಳ್ಳೋ ಸೆಟ್ಟಿಂಗ್ ಐಫೋನಿನಲ್ಲೂ ಕೆಲವು ಆಂಡ್ರಾಯ್ಡ್‌ಗಳಲ್ಲೂ ಇದೆ, ಡೇಟಾ ಸ್ವಿಚಿಂಗ್ ಅಂತ ಹುಡುಕಿ. ಊರಿನ ಸಿಮ್ಮಿನಲ್ಲಿ ಡೇಟಾ ಪ್ಯಾಕ್ ಇದ್ರೆ ಮಾತ್ರ ಅದರಿಂದ ಉಪಯೋಗ. ಇಲ್ಲಾಂದ್ರೆ ಮೂರರಿಂದ ನಾಲ್ಕರವರೆಗೆ ಫೋನ್ ಮಾಡ್ಬೇಡ ಅಂತ ಅಮ್ಮನಿಗೆ ಹೇಳಿಡಿ. ಅವರು ಮಾಡೇ ಮಾಡ್ತಾರೆ, ಹಾಗಾಗಿ ಆ ಒಂದು ಗಂಟೆ ಆ ಸಿಮ್ಮನ್ನೇ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿಡಿ.